ರಕ್ತದ ಚೀಟಿಯಲ್ಲಿರುವ ಗ್ರೀಕ್ ಮಾತುಗಳು

ರಕ್ತಪರೀಕ್ಷೆ ಮಾಡಿಸಿಕೊಂಡ ಗರ್ಭಿಣಿಯ ಕೈಗೆ ಆಸ್ಪತ್ರೆಯಿಂದ ಒಂದು ಚೀಟಿ ಬರುತ್ತದೆ. ಅದರಲ್ಲಿರುವ ಅಂಕಿಗಳನ್ನು ತಾಯಿ ಕಾರ್ಡಿನಲ್ಲಿಯೂ ಬರೆದುಕೊಡುತ್ತಾರೆ. ಹಿಮೋಗ್ಲೋಬಿನ್, ಅನೀಮಿಯ, ಆರ್‌ಎಚ್ ಮುಂತಾದ ಮಾತುಗಳನ್ನು ಕಂಡು ಇದೆಲ್ಲ ಡಾಕ್ಟರರ ಭಾಷೆ, ನಮಗೇಕೆ ಎಂದು ಬಹಳ ಮಂದಿ ಆ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾರೆ. ಆದರೆ ಆ ಮಾತುಗಳು ಹೇಳುತ್ತಿರುವುದು ನಿಮ್ಮ ಮನೆಯ ವಿಷಯವನ್ನೇ. ಅವುಗಳ ಅರ್ಥ ತಿಳಿದ ಗಂಡಹೆಂಡಿರು ಮುಂದಿನ ಭೇಟಿಯಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳಬಲ್ಲರು. ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವೂ ಅಲ್ಲ. ಇಂಗ್ಲಿಷರೂ ಇವನ್ನು ಪ್ರಾಚೀನ ಗ್ರೀಕ್ ಭಾಷೆಯಿಂದ ಎರವಲು ಪಡೆದವರೇ.

ರಕ್ತಕ್ಕೆ ಗ್ರೀಕರು ಹೇಳುತ್ತಿದ್ದ ಮಾತು ‘ಹೈಮ’. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಚೀಟಿ ಅರ್ಥವಾದಂತೆ. ಮಾತಿನ ಆರಂಭದಲ್ಲಿ ಬಂದಾಗ ಅದು ‘ಹೀಮೋ’ ಅಥವಾ ‘ಹಿಮೋ’ ಆಗುತ್ತದೆ; ಕೊನೆಯಲ್ಲಿ ಬಂದಾಗ ‘ಈಮಿಯ’ ಆಗುತ್ತದೆ. ಈಮಿಯ ಎಂದು ಮುಗಿಯುವ ಯಾವ ಹೆಸರನ್ನು ಕೇಳಿದರೂ ಇದು ರಕ್ತಕ್ಕೆ ಸೇರಿದ ವಿಷಯ ಎಂದು ತಿಳಿಯಬಹುದು. ಅದರ ಹಿಂದೆ ಇರುವ ತುಂಡು ರಕ್ತದಲ್ಲಿ ಏನಾಗಿದೆ ಎಂಬುದನ್ನು ಹೇಳುತ್ತದೆ. ‘ಲ್ಯೂಕೀಮಿಯ’ ಎಂಬಲ್ಲಿ ‘ಲೆವ್ಕೋಸ್’ ಎಂದರೆ ಬಿಳಿ. ಬಿಳಿಯ ರಕ್ತಕಣಗಳು ಮಿತಿಮೀರಿ ಬೆಳೆಯುವ ಕ್ಯಾನ್ಸರಿಗೆ ಜರ್ಮನಿಯ ರುಡಾಲ್ಫ್ ವಿರ್ಕೋ ಎಂಬ ವೈದ್ಯರು 1847ರಲ್ಲಿ ಕೊಟ್ಟ ಹೆಸರು ಅದು. ‘ಸೆಪ್ಟಿಸೀಮಿಯ’ ಎಂಬಲ್ಲಿ ಮೊದಲ ತುಂಡು ಕೊಳೆಯುವುದನ್ನು ಸೂಚಿಸುತ್ತದೆ. ಬಾಣಂತಿಗೆ ಹೆರಿಗೆಯ ನಂತರ ನಂಜೇರಿ ಚಳಿಜ್ವರ ಬರುವುದಕ್ಕೆ ಅದು ಒಂದು ಕಾರಣ. ಹೆಸರುಗಳ ಬಾಲ ಒಂದೇ ಆಗಿದ್ದರೂ ರೋಗಗಳು ಬೇರೆ ಬೇರೆ. ಅನೀಮಿಯ ಎಂದು ಬರೆದುದನ್ನು ಲ್ಯೂಕೀಮಿಯ ಎಂದು ಓದಿಕೊಂಡು ಇಡೀ ಮನೆಯವರು ಅತ್ತ ಪ್ರಸಂಗಗಳು ಉಂಟು.

ಗ್ರೀಸ್ ದೇಶದ ಮಾತು ಇಷ್ಟು ದೂರ ಬಂದುದು ಹೇಗೆ? ಕ್ರಿಸ್ತಪೂರ್ವ 460ರ ಸುಮಾರಿಗೆ ಕೋಸ್ ಎಂಬ ದ್ವೀಪದಲ್ಲಿ ಹುಟ್ಟಿದ ಹಿಪೊಕ್ರೇಟಿಸ್ ಮತ್ತು ಅವನ ಅನುಯಾಯಿಗಳು ರೋಗಗಳ ಬಗೆಗೆ ಗ್ರಂಥಗಳನ್ನು ಬರೆದಿಟ್ಟರು. ಅವು ಅರಬ್ಬೀ ಭಾಷೆಗೂ ಲ್ಯಾಟಿನ್ನಿಗೂ ಹೋಗಿ, ಯೂರೋಪಿನ ವೈದ್ಯಶಾಲೆಗಳಲ್ಲಿ ಬಹುಕಾಲ ಪಾಠವಾಗಿದ್ದವು. ನಮ್ಮ ಊರುಗಳಲ್ಲಿ ಯುನಾನಿ ವೈದ್ಯ ಎಂದು ಕರೆಯುತ್ತೇವಲ್ಲ, ಆ ಯುನಾನಿ ಎಂಬ ಮಾತಿನ ಅರ್ಥವೇ ಗ್ರೀಕರದು ಎಂದು. ನಮ್ಮ ಪುರಾಣಗಳಲ್ಲಿ ಬರುವ ‘ಯವನ’ ಎಂಬುದೂ ಅದೇ ಮೂಲದ ಮಾತು. ಮುಂದೆ ಹೊಸ ಹೊಸ ರೋಗಗಳನ್ನು ಗುರುತಿಸಿದಾಗ ಯೂರೋಪಿನ ವೈದ್ಯರು ಗ್ರೀಕ್ ತುಂಡುಗಳನ್ನು ಜೋಡಿಸಿಯೇ ಹೆಸರಿಟ್ಟರು. ಪ್ರಾಚೀನ ಗ್ರೀಕ್ ಅವರಲ್ಲಿ ಯಾರ ಮನೆಮಾತೂ ಆಗಿರಲಿಲ್ಲವಾದ್ದರಿಂದ ಎಲ್ಲ ದೇಶದವರೂ ಅದನ್ನು ಒಪ್ಪಿಕೊಂಡರು.

ಈಗ ‘ಅನೀಮಿಯ’ವನ್ನು ನೋಡೋಣ. ಹೈಮದ ಹಿಂದೆ ‘ಅನ್’ ಸೇರಿದೆ. ಅನ್ ಎಂದರೆ ಇಲ್ಲ. ಅನಂತ, ಅನಾದಿ ಎಂದು ನಾವು ಹೇಳುವಾಗ ಬರುವ ಅನ್ ಮತ್ತು ಗ್ರೀಕರ ಅನ್ ಒಡಹುಟ್ಟಿದವು. ಸಂಸ್ಕೃತ, ಗ್ರೀಕ್ ಭಾಷೆಗಳೆರಡೂ ಒಂದೇ ಕುಲದವು. ಹೀಗಾಗಿ ಅನೀಮಿಯ ಎಂದರೆ ಅಕ್ಷರಾರ್ಥದಲ್ಲಿ ರಕ್ತವಿಲ್ಲದಿರುವಿಕೆ. ನಮ್ಮ ‘ರಕ್ತಹೀನತೆ’ಯೂ ಅದನ್ನೇ ಹೇಳುತ್ತದೆ. ಇಲ್ಲಿಯೇ ತೊಡಕು. “ಬೆರಳಿಗೆ ಚುಚ್ಚಿದಾಗ ಚೆನ್ನಾಗಿಯೇ ರಕ್ತ ಬಂತಲ್ಲ ಸಾರ್, ಇಲ್ಲ ಅಂತ ಹೇಗೆ ಬರೆದಿರಿ?” ಎಂದು ನಮ್ಮ ಕೇಂದ್ರದಲ್ಲಿ ಒಬ್ಬ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ರಕ್ತದ ಅಳತೆ ಕಡಿಮೆಯಾಗಿರುವುದಿಲ್ಲ; ರಕ್ತದಲ್ಲಿರುವ ಕೆಂಪು ಅಂಶ ಕಡಿಮೆಯಾಗಿರುತ್ತದೆ. ಹಾಲಿಗೆ ನೀರು ಬೆರೆಸಿದರೆ ಪಾತ್ರೆ ತುಂಬಿಯೇ ಇರುತ್ತದೆ, ಗಟ್ಟಿತನ ಮಾತ್ರ ಇರುವುದಿಲ್ಲ. ಆಯುರ್ವೇದದವರು ಇದನ್ನು ಪಾಂಡುರೋಗವೆಂದರು. ಪಾಂಡು ಎಂದರೆ ಬಿಳಿಚಿಕೊಂಡದ್ದು. ಈ ಒಂದು ವಿಷಯದಲ್ಲಿ ಗ್ರೀಕರ ಹೆಸರಿಗಿಂತ ನಮ್ಮ ಹಿರಿಯರ ಹೆಸರೇ ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ. ಕಣ್ಣಿನ ಕೆಳರೆಪ್ಪೆಯ ಒಳಬದಿ, ನಾಲಿಗೆ, ಅಂಗೈ ಬಿಳಿಚಿಕೊಂಡಿದ್ದರೆ, ನಾಲ್ಕು ಕೊಡ ನೀರು ಹೊರುವಷ್ಟರಲ್ಲಿ ಏದುಸಿರು ಬಂದರೆ ಅದನ್ನು ಸೋಮಾರಿತನವೆಂದು ಹಳಿಯಬಾರದು.

ಆ ಕೆಂಪು ಅಂಶದ ಹೆಸರು ಹಿಮೋಗ್ಲೋಬಿನ್. ಮೊದಲರ್ಧ ಗ್ರೀಕರ ಹೈಮ, ಉಳಿದರ್ಧ ಉಂಡೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಇದು ಕಬ್ಬಿಣವನ್ನು ಒಳಗೊಂಡ ವಸ್ತು. ಶ್ವಾಸಕೋಶದಲ್ಲಿ ಪ್ರಾಣವಾಯುವನ್ನು ಹಿಡಿದು ಮೈಯ ಮೂಲೆಮೂಲೆಗೂ, ಗರ್ಭದಲ್ಲಿರುವ ಶಿಶುವಿಗೂ ಹೊತ್ತೊಯ್ಯುವುದು ಇದರ ಕೆಲಸ. ಇದನ್ನು ತುಂಬಿಕೊಂಡ ಕೆಂಪು ಕಣಕ್ಕೆ ‘ಎರಿಥ್ರೋಸೈಟ್’ ಎಂದು ಹೆಸರು. ಗ್ರೀಕರ ‘ಎರುಥ್ರೋಸ್’ ಮತ್ತು ಸಂಸ್ಕೃತದ ‘ರುಧಿರ’ ಒಂದೇ ಬೇರಿನ ಎರಡು ಚಿಗುರುಗಳು, ಎರಡರ ಮೂಲಾರ್ಥವೂ ಕೆಂಪು. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಳೆಯವು ಸಾಯುತ್ತ ಹೊಸವು ಹುಟ್ಟುತ್ತಲೇ ಇರಬೇಕು. ಆದ್ದರಿಂದ ಹತ್ತು ದಿನ ಮಾತ್ರೆ ನುಂಗಿ ಹನ್ನೊಂದನೆಯ ದಿನ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವುದರಲ್ಲಿ ಅರ್ಥವಿಲ್ಲ.

ಚೀಟಿಯಲ್ಲಿ ಹಿಮೋಗ್ಲೋಬಿನ್ ಎಂಬುದರ ಮುಂದಿರುವ ಅಂಕಿ 100 ಮಿಲಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬುದರ ಲೆಕ್ಕ. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ, ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ, ಗಂಡಸಿಗೆ 13ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಗರ್ಭಿಣಿಗೆ 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಆಗ ಮನೆಯಲ್ಲಿ ಕುಳಿತು ಮಾತ್ರೆ ನುಂಗುತ್ತಿದ್ದರೆ ಸಾಲದು, ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದುದು ಕಂಡುಬಂತು. ಗಂಡಸರಲ್ಲಿಯೂ ನೂರಕ್ಕೆ 25 ಮಂದಿಗೆ ಅದಿತ್ತು. ಹೆಂಡತಿಯ ರಕ್ತವನ್ನು ಪರೀಕ್ಷಿಸುವ ದಿನ ಗಂಡನೂ ಬೆರಳು ಚಾಚಿದರೆ ನಷ್ಟವೇನೂ ಇಲ್ಲ.

ಗರ್ಭಿಣಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಸೇವಿಸಬೇಕು. ರಕ್ತಹೀನತೆ ಈಗಾಗಲೇ ಇದ್ದರೆ ದಿನಕ್ಕೆ ಎರಡು ಮಾತ್ರೆ ಬೇಕಾಗುತ್ತದೆ. ಅದನ್ನು ವೈದ್ಯರು ಹೇಳುತ್ತಾರೆ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆಯವರು ಹೇಳುವುದುಂಟು. ಕಪ್ಪಾಗುವುದು ಮಲ ಮಾತ್ರ. ಅದು ಕಬ್ಬಿಣದ ಬಣ್ಣ, ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಕಾಫಿ, ಚಹಾದೊಡನೆ ಬೇಡ. ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗದೆ ಎರಡು ಗಂಟೆಯ ಅಂತರವಿಡಬೇಕು. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಸಹಾಯಕ. ಒಂದು ತಿಂಗಳು ತಪ್ಪದೆ ಸೇವಿಸಿದರೆ ಅಂಕಿ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಅದನ್ನು ಮುಚ್ಚಿಡದೆ ಹೇಳಿರಿ. ಕಾರಣ ಬೇರೆಯೇ ಇರಬಹುದು.

ಆಹಾರದ ವಿಷಯದಲ್ಲಿ ಒಂದು ಮಾತು. ಕೆಂಪಾಗಿರುವುದೆಲ್ಲ ರಕ್ತವಾಗುವುದಿಲ್ಲ. ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆಂದು ಸಂತೆಯಲ್ಲಿ ದುಬಾರಿ ಬೆಲೆ ಕೊಟ್ಟು ತರುವವರಿದ್ದಾರೆ; ಅದರ ಬಣ್ಣಕ್ಕೂ ಹಿಮೋಗ್ಲೋಬಿನ್ನಿನ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ. ಮನೆಯ ಹುರುಳಿ, ಸೊಪ್ಪು, ಕಾಳು ಒಳ್ಳೆಯವು. ಮಾಂಸ ತಿನ್ನುವವರಿಗೆ ಈಲಿ ಬಹಳ ಒಳ್ಳೆಯದು. ಆದರೆ ಅಂಕಿ 8ಕ್ಕೆ ಇಳಿದಿರುವಾಗ ಸೊಪ್ಪೊಂದರಿಂದಲೇ ಅದನ್ನು ಹೆರಿಗೆಯೊಳಗೆ ಮೇಲೆತ್ತಲಾಗದು.

ಮಾತ್ರೆ ನುಂಗಿದರೂ ರಕ್ತ ಏರದಿರುವುದಕ್ಕೆ ಹೊಲದ ಮಣ್ಣಿನಲ್ಲಿರುವ ಕೊಕ್ಕೆಹುಳು ಒಂದು ಕಾರಣ. ಇದರ ಶಾಸ್ತ್ರೀಯ ನಾಮ ‘ಆಂಕಿಲೋಸ್ಟೋಮ’. ಗ್ರೀಕಿನಲ್ಲಿ ‘ಆಂಕುಲೋಸ್’ ಎಂದರೆ ಬಾಗಿದ, ‘ಸ್ಟೋಮ’ ಎಂದರೆ ಬಾಯಿ. ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರಿ, ಕರುಳಿಗೆ ಆ ಬಾಗಿದ ಬಾಯಿಯನ್ನು ಕಚ್ಚಿ ದಿನವೂ ರಕ್ತ ಹೀರುತ್ತದೆ. ಬಯಲಿಗೆ ಹೋಗುವುದನ್ನು ಬಿಟ್ಟು ಶೌಚಾಲಯ ಬಳಸುವುದು, ಕಾಲಿಗೆ ಮೆಟ್ಟು ಹಾಕುವುದು, ಮೂರು ತಿಂಗಳು ಕಳೆದ ಗರ್ಭಿಣಿ ವೈದ್ಯರು ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆಯನ್ನು ಒಮ್ಮೆ ನುಂಗುವುದು, ಇಷ್ಟರಿಂದ ಇದನ್ನು ತಡೆಯಬಹುದು. ಗಂಡಸರಲ್ಲಿ ರಕ್ತ ಸೋರುವ ಇನ್ನೊಂದು ದಾರಿ ಮೂಲವ್ಯಾಧಿ. ‘ಹೆಮರಾಯ್ಡ್’ ಎಂಬ ಅದರ ಹೆಸರಿನ ಅರ್ಥವೇ ರಕ್ತ ಹರಿಯುವುದು. ನಾಚಿಕೆಯಿಂದ ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುವವರು ಬಹಳ.

ಈಗ ಅತ್ಯಂತ ಭಯಂಕರವಾದ ಮಾತು: ‘ಹೆಮರೇಜ್’. ಹೈಮದೊಡನೆ, ಒಡೆದು ನುಗ್ಗುವುದು ಎಂಬ ಅರ್ಥದ ಗ್ರೀಕ್ ಧಾತು ಇದರಲ್ಲಿ ಸೇರಿದೆ. ತುಂಬಿದ ಕೆರೆಯ ಕಟ್ಟೆ ಒಡೆದುದನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶವು ಕಲ್ಲಿನಂತೆ ಬಿಗಿದುಕೊಂಡು ಆ ರಕ್ತನಾಳಗಳ ಬಾಯನ್ನು ಒತ್ತಿಹಿಡಿಯಬೇಕು. ಬಿಗಿಯದೆ ಮೆತ್ತಗೆ ಉಳಿದರೆ ರಕ್ತ ಸುರಿಯತೊಡಗುತ್ತದೆ, ಎರಡು ಗಂಟೆಯೊಳಗೆ ತಾಯಿ ತೀರಿಕೊಳ್ಳಬಹುದು. ಸಾಮಾನ್ಯ ಹೆರಿಗೆಯಲ್ಲಿ 500 ಮಿಲಿಲೀಟರಿಗೂ ಮೀರಿ ರಕ್ತ ಹೋದರೆ ಅದು ಅಪಾಯದ ಸೂಚನೆ. ಹಿಮೋಗ್ಲೋಬಿನ್ 12 ಇರುವ ತಾಯಿ ಇಷ್ಟನ್ನು ತಾಳಿಕೊಂಡಾಳು. 6 ಇರುವ ತಾಯಿಗೆ ಇದಕ್ಕಿಂತ ಕಡಿಮೆ ಹೋದರೂ ತಡೆಯಲಾರಳು. ಮಾತ್ರೆ ನುಂಗಿದಿರಾ ಎಂದು ಆಶಾ ಕಾರ್ಯಕರ್ತೆ ಮತ್ತೆ ಮತ್ತೆ ಬಂದು ಪೀಡಿಸುವುದು ಈ ಒಂದು ಗಳಿಗೆಯನ್ನು ನೆನೆದೇ.

ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಒಡನೆಯೇ ತಾಯಿಗೆ 10 ಯೂನಿಟ್ ‘ಆಕ್ಸಿಟೋಸಿನ್’ ಚುಚ್ಚುಮದ್ದು ಕೊಡುತ್ತಾರೆ; ಅದು ಗರ್ಭಕೋಶವನ್ನು ಬಿಗಿಗೊಳಿಸುತ್ತದೆ. ಇದೂ ಗ್ರೀಕ್ ಮಾತೇ: ‘ಓಕ್ಸುಸ್’ ಎಂದರೆ ಚುರುಕು, ‘ಟೋಕೋಸ್’ ಎಂದರೆ ಹೆರಿಗೆ. ಹೆಸರಿನ ಈ ಅರ್ಥವನ್ನೇ ಹಿಡಿದು ಹೆರಿಗೆ ಬೇಗ ಆಗಲೆಂದು ಮನೆಗೆ ಬಂದು ಇದನ್ನು ಚುಚ್ಚುವ ನಾಟಿ ಡಾಕ್ಟರುಗಳಿದ್ದಾರೆ. ಮಗು ಹುಟ್ಟುವ ಮೊದಲು ಅಳತೆ ತಪ್ಪಿ ಕೊಟ್ಟರೆ ಗರ್ಭಕೋಶವೇ ಹರಿದು ತಾಯಿ ಮಗು ಇಬ್ಬರೂ ಸಾಯಬಹುದು. ಯಾರೇ ಬಂದರೂ ಮನೆಯಲ್ಲಿ ಈ ಸೂಜಿಗೆ ಒಪ್ಪಬೇಡಿರಿ. ಮನೆಗೆ ಮರಳಿದ ಬಾಣಂತಿಗೆ ಒಂದು ಗಂಟೆಯೊಳಗೆ ಇಟ್ಟ ಬಟ್ಟೆ ಪೂರ್ತಿ ತೊಯ್ದುಹೋದರೆ, ತಲೆ ಸುತ್ತಿ ಕೈಕಾಲು ತಣ್ಣಗಾದರೆ, ದೃಷ್ಟಿ ತೆಗೆಯುತ್ತ ಕೂರದೆ 108ಕ್ಕೆ ಫೋನು ಮಾಡಿರಿ. ರಕ್ತ ಕೊಡಬಲ್ಲ ಇಬ್ಬರನ್ನು ಹೆರಿಗೆಗೆ ಮೊದಲೇ ಗೊತ್ತುಮಾಡಿಕೊಂಡಿರುವುದು ಲೇಸು. ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ 350 ಮಿಲಿಲೀಟರ್ ರಕ್ತ ಕೊಡಬಹುದು. ಅದರಿಂದ ದುಡಿಯುವ ಶಕ್ತಿಯಾಗಲಿ ಗಂಡಸುತನವಾಗಲಿ ಕುಂದುವುದಿಲ್ಲ.

ಒಂದು ಗರ್ಭಧಾರಣೆಗೆ ತಾಯಿಯಿಂದ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ಆ ಸಾಲ ತೀರುವ ಮುನ್ನವೇ ಮತ್ತೆ ಬಸಿರಾದರೆ ಎರಡನೆಯ ಮಗು ಬರಿದಾದ ಕಣಜಕ್ಕೆ ಕೈ ಹಾಕಿದಂತೆ. ಹೆರಿಗೆಯಾದ ಮೇಲೆ ಎರಡು ವರ್ಷವಾದರೂ ಕಳೆದು ಮುಂದಿನ ಗರ್ಭ ನಿಲ್ಲಲಿ ಎನ್ನುವುದು ಇದಕ್ಕಾಗಿ. ಅಂತರಕ್ಕೆ ಯಾವ ವಿಧಾನವೆಂಬುದನ್ನು ದಂಪತಿಗಳಿಬ್ಬರೂ ವೈದ್ಯರೊಡನೆ ಕುಳಿತು ತೀರ್ಮಾನಿಸಿರಿ. ರಕ್ತಹೀನತೆ ಇರುವವರು ಅದನ್ನು ಮೊದಲೇ ಹೇಳಬೇಕು. ಏಕೆಂದರೆ ತಾಮ್ರದ ವಂಕಿ ಧರಿಸಿದ ಕೆಲವರಿಗೆ ಮುಟ್ಟಿನ ಸ್ರಾವ ಹೆಚ್ಚಬಹುದು, ನುಂಗುವ ಗುಳಿಗೆಯಿಂದ ಸ್ರಾವ ಕಡಿಮೆಯಾಗಬಹುದು.

ಕಬ್ಬಿಣಕ್ಕೆ ಬಗ್ಗದ ಇನ್ನೊಂದು ಅನೀಮಿಯ ಉಂಟು. ಅದರ ಹೆಸರು ‘ಥಲಸ್ಸೀಮಿಯ’. ‘ಥಲಸ್ಸ’ ಎಂದರೆ ಸಮುದ್ರ. ಸಮುದ್ರದ ರಕ್ತ ಎಂಬ ವಿಚಿತ್ರ ಹೆಸರು. 1925ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಥಾಮಸ್ ಕೂಲಿ ಎಂಬ ಮಕ್ಕಳ ವೈದ್ಯರು ಈ ರೋಗವನ್ನು ವರ್ಣಿಸಿದರು. ರೋಗಿಗಳಲ್ಲಿ ಹೆಚ್ಚಿನವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನಿಂದ ಬಂದ ಮನೆತನಗಳವರಾದ್ದರಿಂದ 1932ರಲ್ಲಿ ವಿಪಲ್ ಮತ್ತು ಬ್ರಾಡ್‌ಫರ್ಡ್ ಎಂಬುವರು ಈ ಹೆಸರನ್ನಿಟ್ಟರು. ಹೆಸರಿನಲ್ಲಿ ಸಮುದ್ರವಿದ್ದರೂ ರೋಗ ಆ ದಂಡೆಯಲ್ಲಿಯೇ ನಿಂತಿಲ್ಲ. ನಮ್ಮ ದೇಶದಲ್ಲಿಯೂ ಧಾರಾಳವಾಗಿದೆ. ಇಲ್ಲಿ ಹಿಮೋಗ್ಲೋಬಿನ್ ಕಟ್ಟುವ ಅಚ್ಚಿನಲ್ಲಿಯೇ ದೋಷ. ಅಚ್ಚು ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದೇ ಪ್ರತಿ ಕೆಟ್ಟಿದ್ದರೆ ಆ ವ್ಯಕ್ತಿ ವಾಹಕ ಮಾತ್ರ; ಎಲ್ಲರಂತೆ ಉತ್ತು ಬಿತ್ತು ಬದುಕುತ್ತಾನೆ, ಬಹುಮಟ್ಟಿಗೆ ಅವನಿಗೆ ಅದು ತಿಳಿಯುವುದೇ ಇಲ್ಲ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ಎರಡು ಕೆಟ್ಟ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗು ಚೆನ್ನಾಗಿದ್ದರೆ ಎರಡನೆಯದೂ ಚೆನ್ನಾಗಿಯೇ ಇರುತ್ತದೆಂಬ ಭರವಸೆಯಿಲ್ಲ. ಲೆಕ್ಕ ಪ್ರತಿ ಸಲವೂ ಹೊಸದಾಗಿ ಆರಂಭವಾಗುತ್ತದೆ. ಇಂತಹ ಮಗು ಒಂದೆರಡು ವರ್ಷದೊಳಗೆ ಬಿಳಿಚಿಕೊಂಡು, ಹೊಟ್ಟೆ ಉಬ್ಬಿ, ಎರಡು ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಪಡೆಯುತ್ತ ಬದುಕಬೇಕಾಗುತ್ತದೆ. ಅದಕ್ಕೆ ಕಬ್ಬಿಣದ ಟಾನಿಕ್ಕು ಕೊಟ್ಟರೆ ಉಪಕಾರವಿಲ್ಲ; ಪಡೆದ ರಕ್ತದ ಕಬ್ಬಿಣವೇ ಮೈಯಲ್ಲಿ ಮಿತಿಮೀರಿ ಸೇರುತ್ತಿರುತ್ತದೆ.

ಇದಕ್ಕೆ ಹತ್ತಿರದ ನೆಂಟ ಕುಡುಗೋಲು ಕಣದ ರೋಗ. ಕೆಂಪು ಕಣ ದುಂಡಗಿರದೆ ಕುಡುಗೋಲಿನಂತೆ ಬಾಗುವುದರಿಂದ ಆ ಹೆಸರು. ಗ್ರೀಕಿನಲ್ಲಿ ಕುಡುಗೋಲಿಗೆ ‘ಡ್ರೆಪಾನೋನ್’ ಎನ್ನುವುದರಿಂದ ಕೆಲವು ಗ್ರಂಥಗಳಲ್ಲಿ ಇದು ‘ಡ್ರೆಪಾನೋಸೈಟೋಸಿಸ್’. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ. ಇದನ್ನು ಹತ್ತಿಕ್ಕಲೆಂದು ಕೇಂದ್ರ ಸರಕಾರ 2023ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ಮನೆತನದಲ್ಲಿ ಹಾದುಬರುವ ರೀತಿ ಥಲಸ್ಸೀಮಿಯದಂತೆಯೇ.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಹೆಚ್ಚು. ಒಂದೇ ಮನೆತನದ ಇಬ್ಬರಲ್ಲಿ ಒಂದೇ ದೋಷವಿರುವ ಸಂಭವವೂ ಹೆಚ್ಚು. ಇಂತಹ ದಂಪತಿಗಳು, ಹಾಗೂ ಬಂಧುಗಳಲ್ಲಿ ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವ ಮಗುವಿರುವವರು, ಗರ್ಭ ನಿಲ್ಲುವ ಮೊದಲೇ ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಗರ್ಭ ನಿಂತಿದ್ದರೆ ಮೂರು ತಿಂಗಳೊಳಗೆ ತಿಳಿಸಿರಿ. ಗರ್ಭದಲ್ಲಿಯೇ ಪರೀಕ್ಷಿಸುವ ವಿಧಾನ ದೊಡ್ಡ ಆಸ್ಪತ್ರೆಗಳಲ್ಲಿದೆ. ಇಂತಹ ಮಗು ಹುಟ್ಟಿದಾಗ ಸೊಸೆಯನ್ನು ತವರಿಗೆ ಅಟ್ಟುವುದು ಅನ್ಯಾಯ ಮಾತ್ರವಲ್ಲ, ಲೆಕ್ಕದ ತಪ್ಪೂ ಹೌದು. ಎರಡು ಪ್ರತಿಗಳಲ್ಲಿ ಒಂದನ್ನು ಕೊಟ್ಟವನು ಗಂಡ.

ಚೀಟಿಯಲ್ಲಿ ಉಳಿದಿರುವುದು ಆರ್‌ಎಚ್. ಇದು ರೀಸಸ್ ಎಂಬುದರ ಮೊದಲೆರಡು ಅಕ್ಷರ. ಉತ್ತರ ಭಾರತದ ಒಂದು ಜಾತಿಯ ಕೋತಿಗೆ, ಗ್ರೀಕರ ಟ್ರಾಯ್ ಯುದ್ಧದ ಕಥೆಯಲ್ಲಿ ಬರುವ ರಾಜನೊಬ್ಬನ ಆ ಹೆಸರನ್ನು ಇಟ್ಟಿದ್ದರು. ಆ ಕೋತಿಯ ರಕ್ತದೊಡನೆ ಪ್ರಯೋಗ ಮಾಡುತ್ತಿದ್ದ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ 1940ರಲ್ಲಿ ಈ ಗುಂಪನ್ನು ಗುರುತಿಸಿದರು. ನಮ್ಮಲ್ಲಿ ನೂರಕ್ಕೆ ಸುಮಾರು 5 ಮಂದಿ ಆರ್‌ಎಚ್ ನೆಗೆಟಿವ್. ನೆಗೆಟಿವ್ ಎಂದರೆ ರೋಗವಲ್ಲ. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆಗಿದ್ದರೆ ಮಾತ್ರ ಎಚ್ಚರ ಬೇಕು. ಪಾಸಿಟಿವ್ ಮಗುವಿನ ರಕ್ತ ಹೆರಿಗೆಯಲ್ಲಿ ತಾಯಿಗೆ ಸೇರಿದರೆ ಅವಳ ಮೈ ಅದರ ಮೇಲೆ ಪ್ರತಿವಿಷವನ್ನು ಸಿದ್ಧಪಡಿಸುತ್ತದೆ. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಮಗುವಿನ ಕೆಂಪು ಕಣಗಳನ್ನು ಆ ಪ್ರತಿವಿಷ ಒಡೆಯುತ್ತದೆ. ಇದಕ್ಕೆ ‘ಹೀಮೋಲಿಸಿಸ್’, ಅಂದರೆ ರಕ್ತ ಬಿಚ್ಚಿಹೋಗುವುದು ಎಂದು ಹೆಸರು. ಒಂದು ಮಗುವಾದ ಮೇಲೆ ಹೊಟ್ಟೆಯಲ್ಲಿಯೇ ಮಕ್ಕಳು ತೀರಿಕೊಳ್ಳುತ್ತಿದ್ದರೆ ಮಾಟವೆಂದು ಹೇಳುವ ಕಡೆ ಎಷ್ಟೋ ಸಲ ಇರುವುದು ಇದು. 1968ರಲ್ಲಿ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಇದನ್ನು ತಡೆಯುತ್ತದೆ. ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಇದನ್ನು ಕೊಡಿಸಬೇಕು. ಏಳನೆಯ ತಿಂಗಳಿನಲ್ಲಿ ಒಮ್ಮೆ ಕೊಡುವುದೂ ಉಂಟು. ಗರ್ಭಪಾತವಾದಾಗಲೂ ಇದು ಬೇಕಾಗುತ್ತದೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಆದುದರಿಂದ ಬಸಿರು ಇಳಿದುಹೋಗಿ ಮನೆಯಲ್ಲಿಯೇ ಎಲ್ಲ ಸರಿಹೋಯಿತೆಂದು ತೋರಿದರೂ, ನೆಗೆಟಿವ್ ಎಂದು ಬರೆದ ಕಾರ್ಡನ್ನು ಹಿಡಿದು ಮೂರು ದಿನದೊಳಗೆ ಆಸ್ಪತ್ರೆಗೆ ಬನ್ನಿರಿ.